ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಲ್ಜಿಯಂನ ಹೊಂಬಣ್ಣದ ಬಿಯರನ್ನು ರುಚಿ ನೋಡುವ ಬಗೆ

ಬೆಲ್ಜಿಯನ್ ಗೋಲ್ಡನ್ ಸ್ಟ್ರಾಂಗ್ ಏಲ್ ಎಂಬ ಬಗೆಯ ಬಿಯರಿನ (ಡೂವೆಲ್ ಇದರ ಮಾದರಿ) ಬಗ್ಗೆ ಕಾಸರಗೋಡಿನಿಂದಲೂ ಬೇರೆ ಗಡಿ ಊರುಗಳಿಂದಲೂ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಗಲ್ಫಿನಿಂದ ರಜೆಗೆ ಬಂದ ಭಾವ ಡೂವೆಲ್ ಬಿಯರಿನ ಎರಡು ಬಾಟಲಿ ತಂದಿದ್ದರು. ಒಂದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಸ್ಟೀಲ್ ಲೋಟಕ್ಕೆ ಸುರಿದು ಕುಡಿದೆವು. ಗ್ಯಾಸು ಬಿಟ್ಟರೆ ವಿಶೇಷವೇನೂ ಕಾಣಲಿಲ್ಲ, ಎದ್ದು ನಿಂತಾಗ ಮಾತ್ರ ತಲೆ ತಿರುಗಿತು. ಉಳಿದ ಒಂದನ್ನಾದರೂ ಸರಿಯಾಗಿ ನೋಡುವುದು ಹೇಗೆ?
– ಓದುಗರು, ಬದಿಯಡ್ಕ

ತಂಪು ಹೆಚ್ಚಾಯಿತು, ಪಾತ್ರೆಯೂ ಹೊಂದಲಿಲ್ಲ. ಫ್ರಿಜ್ಜಿನೊಳಗೆ 4 ಡಿಗ್ರಿ ಆಸುಪಾಸು ಇರುತ್ತದೆ. ಆ ಚಳಿಯಲ್ಲಿ ಪರಿಮಳ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ; ಉಳಿಯುವುದು ಗ್ಯಾಸಿನ ಚುಚ್ಚು ಮಾತ್ರ. ಈ ಬಿಯರನ್ನು 7ರಿಂದ 10 ಡಿಗ್ರಿ ನಡುವೆ ನೋಡಬೇಕು. ಬಾಟಲಿಯನ್ನು ಹೊರಗೆ ತೆಗೆದು ಹತ್ತು ನಿಮಿಷ ನಿಲ್ಲಿಸಿ, ಏಪ್ರಿಲ್-ಮೇ ಸೆಕೆಯಲ್ಲಾದರೆ ಐದು ನಿಮಿಷ ಸಾಕು. ಅದಕ್ಕಿಂತ ಬೆಚ್ಚಗಾಗಲು ಬಿಟ್ಟರೆ ಮುಚ್ಚಳ ತೆಗೆದ ಕೂಡಲೇ ನೊರೆ ಉಕ್ಕಿ ಮೇಜಿಗೆ ಹರಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಬಗೆಯಾದ ಲಾಗರ್ ಬಿಯರಿನಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿದ್ದರೆ ಈ ಬಗೆಯಲ್ಲಿ 7–8 ಗ್ರಾಂ ತನಕ ಇರುತ್ತದೆ. ಬಾಟಲಿ ಕುಲುಕಬಾರದು, ಅಡ್ಡ ಮಲಗಿಸಿಯೂ ಇಡಬಾರದು.

ಪಾತ್ರೆ ಗಾಜಿನದೇ ಆಗಬೇಕು. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಒಳಕ್ಕೆ. ಡೂವೆಲ್‌ನವರ ಟ್ಯುಲಿಪ್ ಗ್ಲಾಸು ಇಲ್ಲದಿದ್ದರೆ ದೊಡ್ಡ ವೈನ್ ಗ್ಲಾಸು ನಡೆಯುತ್ತದೆ. ಬಾಟಲಿ 330 ಮಿಲಿಯದ್ದಾದರೂ ಗ್ಲಾಸು 500 ಮಿಲಿ ಹಿಡಿಯುವಂಥದ್ದು ಇರಲಿ, ಯಾಕೆಂದರೆ ನೊರೆಗೇ ಮೂರರಲ್ಲೊಂದು ಪಾಲು ಜಾಗ ಬೇಕು. ಗ್ಲಾಸನ್ನು ತಣ್ಣೀರಿನಲ್ಲಿ ಒಮ್ಮೆ ತೊಳೆದು, ಒರೆಸದೆ, ವಾಲಿಸಿ ಹಿಡಿದು ನಿಧಾನ ಸುರಿಯಿರಿ. ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ ನಡುವಿಗೆ ಸುರಿದರೆ ನೊರೆ ಎದ್ದು ನಿಲ್ಲುತ್ತದೆ. ಮಡ್ಡಿ ಬೆರೆಯದಂತೆ ಬಾಟಲಿಯ ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ಉಳಿಸಿ.

ಸುರಿದ ತಕ್ಷಣ ಮೂಗಿಗೆ ಹಿಡಿಯಿರಿ, ನೋಟ ಆಮೇಲೆ. ಹಗುರವಾದ ಪರಿಮಳಗಳು ಮೊದಲ ಒಂದೆರಡು ನಿಮಿಷದಲ್ಲೇ ಗ್ಯಾಸಿನ ಜೊತೆ ಹೋಗಿಬಿಡುತ್ತವೆ. ದೀರ್ಘ ಉಸಿರು ಎಳೆಯಬೇಡಿ. ಎರಡು-ಮೂರು ಸಲ ಚಿಕ್ಕದಾಗಿ ಮೂಸಿ, ಮೂಗಿಗೆ ವಿರಾಮ ಕೊಟ್ಟು ಮತ್ತೆ ಮೂಸಿ. ಮುಂದೆ ನಿಲ್ಲಬೇಕಾದದ್ದು ಹಣ್ಣು: ಪೇರ್, ಸೇಬು, ಕಿತ್ತಳೆ. ಅದರ ಹಿಂದೆ ಒಳ್ಳೆಮೆಣಸಿನ ಖಾರದ ವಾಸನೆ, ಎಲ್ಲೋ ಒಂದಿಷ್ಟು ಲವಂಗ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಂಪು. ಹಣ್ಣೂ ಮಸಾಲೆಯೂ ಬಹುಪಾಲು ಯೀಸ್ಟ್ ಹುಟ್ಟಿಸಿದವು, ಹೊರಗಿನಿಂದ ಹಾಕಿದ್ದಲ್ಲ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ವಾಸನೆ ತೀರ ಮೆದುವಾಗಿರಬೇಕು. ಬಾಳೆಗೊನೆ ಹಣ್ಣಾದ ಕೋಣೆಯಂತೆ ಬಾಳೆಹಣ್ಣಿನ ವಾಸನೆಯೇ ಎಲ್ಲವನ್ನೂ ಮುಚ್ಚಿದ್ದರೆ ಸಮತೋಲ ತಪ್ಪಿದೆ ಎಂದು ಗುರುತು ಹಾಕಿಕೊಳ್ಳಿ.

ಬಣ್ಣ ತೆಳು ಹಳದಿಯಿಂದ ಹೊನ್ನಿನ ತನಕ. ತಿಳಿಯಾಗಿರಬೇಕು, ನೊರೆ ಬೆಳ್ಳಗೆ, ಗಟ್ಟಿಯಾಗಿ, ಉಬ್ಬುತಗ್ಗಾಗಿ ನಿಂತು, ಕುಡಿಯುತ್ತ ಹೋದಂತೆ ಗ್ಲಾಸಿನ ಒಳಗೋಡೆಗೆ ಜಾಲರಿಯಂತೆ ಅಂಟಬೇಕು.

ಬಾಯಿಗೆ ಒಂದು ಚಮಚದಷ್ಟು ತೆಗೆದುಕೊಂಡು ನಾಲಿಗೆಯ ಎಲ್ಲ ಕಡೆ ಆಡಿಸಿ, ನಾಲ್ಕೈದು ಸೆಕೆಂಡು ಬಿಟ್ಟು ನುಂಗಿ. ಉಗುಳಿದರೆ ಅರ್ಧ ಪರೀಕ್ಷೆ ತಪ್ಪಿಹೋಗುತ್ತದೆ. ಕಹಿಯೂ ಕೊನೆಯ ರುಚಿಯೂ ತಿಳಿಯುವುದು ನುಂಗಿದ ಮೇಲೆ. ಮೊದಲು ಹಣ್ಣಿನ ಮತ್ತು ಮಾಲ್ಟಿನ ಸಿಹಿಯ ಸುಳಿವು, ಆಮೇಲೆ ಮೆಣಸಿನ ಚುರುಕು, ಕೊನೆಗೆ ಕಹಿ ಬಂದು ಬಾಯಿ ಒಣಗಿದಂತೆ ಮುಗಿಯಬೇಕು. ನುಂಗಿದ ಮೇಲೆ ಸಿಹಿ ತುಟಿಗೆ ಅಂಟಿಕೊಂಡಿದ್ದರೆ ಅದು ಈ ಜಾತಿಯ ಒಳ್ಳೆಯ ಬಿಯರಲ್ಲ. ಎದೆಯಲ್ಲಿ ಸಣ್ಣ ಬಿಸಿ ಸರಿ. ಗಂಟಲು ಸುಡುವುದು, ಮೂಗಿಗೆ ಸ್ಪಿರಿಟ್ ಘಾಟು ಹೊಡೆಯುವುದು ತಪ್ಪು. ಡೂವೆಲ್‌ನಲ್ಲಿ ಆಲ್ಕೋಹಾಲ್ ಶೇ. 8.5. ಅಷ್ಟನ್ನು ಇಟ್ಟುಕೊಂಡೂ ಹಗುರ ಬಿಯರಿನಂತೆ ಇಳಿಯುವುದೇ ಇದರ ಹೆಚ್ಚುಗಾರಿಕೆ. ನಿಮಗೆ ಎದ್ದಾಗ ತಲೆ ತಿರುಗಿದ್ದು ಅದರಿಂದಲೇ. ಗ್ಲಾಸಿನಲ್ಲಿ ಮೂರರಲ್ಲೊಂದು ಪಾಲು ಉಳಿದಾಗ, ಸ್ವಲ್ಪ ಬೆಚ್ಚಗಾದ ಮೇಲೆ, ಇನ್ನೊಮ್ಮೆ ಮೂಸಿ ನೋಡಿ. ದೋಷಗಳೆಲ್ಲ ಹೊರಬೀಳುವುದು ಆಗಲೇ.

ನೊರೆ ಅರೆನಿಮಿಷವೂ ನಿಲ್ಲುವುದಿಲ್ಲ. ಬಿಯರ್ ಹಳತೋ?
– ಓದುಗರು, ಉಪ್ಪಳ

ಬಿಯರನ್ನು ದೂರುವ ಮೊದಲು ಗ್ಲಾಸನ್ನು ಪರೀಕ್ಷಿಸಿ. ಎಣ್ಣೆಯ ತೆಳು ಪೊರೆ ನೊರೆಯ ಗುಳ್ಳೆಗಳನ್ನು ಒಡೆಯುತ್ತದೆ, ತೆಂಗಿನೆಣ್ಣೆ ಬಳಸುವ ಅಡುಗೆಮನೆಯ ಸಿಂಕಿನಲ್ಲಿ ಮೀನಿನ ಪಾತ್ರೆಗಳ ಜೊತೆ, ಅದೇ ಸ್ಕ್ರಬ್ಬರಿನಲ್ಲಿ ತೊಳೆದ ಗ್ಲಾಸಿನಲ್ಲಿ ಆ ಪೊರೆ ಇದ್ದೇ ಇರುತ್ತದೆ. ಸೋಪು ಪೂರ್ತಿ ಹೋಗದಿದ್ದರೂ ಇದೇ ಗತಿ. ಬೇರೆ ಸ್ಪಂಜು ಇಟ್ಟುಕೊಳ್ಳಿ. ಬಿಸಿನೀರಿನಲ್ಲಿ ಅಡುಗೆ ಸೋಡಾ ಹಾಕಿ ಉಜ್ಜಿ, ಮೂರು ಸಲ ಬರಿನೀರಿನಲ್ಲಿ ತೊಳೆದು, ಬೋರಲು ಹಾಕಿ ಗಾಳಿಗೆ ಒಣಗಿಸಿ, ಬಟ್ಟೆಯಿಂದ ಒರೆಸಬೇಡಿ. ಪರೀಕ್ಷೆ ಸುಲಭ. ಒದ್ದೆ ಗ್ಲಾಸಿನ ಒಳಗೆ ಪುಡಿಯುಪ್ಪು ಉದುರಿಸಿ. ಎಲ್ಲ ಕಡೆ ಸಮನಾಗಿ ಅಂಟಿದರೆ ಶುಚಿ. ಬೋಳು ತೇಪೆಗಳು ಕಂಡರೆ ಅಲ್ಲಿ ಜಿಡ್ಡು ಇದೆ. ತುಟಿಯ ಲಿಪ್‌ಸ್ಟಿಕ್, ಚಿಪ್ಸ್ ತಿಂದ ಕೈ, ಕರಿದ ಮೀನಿನ ಎಣ್ಣೆ ಕೂಡ ಗ್ಲಾಸಿಗೆ ಹತ್ತಿ ನೊರೆ ಕೊಲ್ಲುತ್ತವೆ.

ಇಷ್ಟಾದ ಮೇಲೂ ನೊರೆ ಏಳದಿದ್ದರೆ ಮುಚ್ಚಳ ಸಡಿಲವಾಗಿ ಗ್ಯಾಸು ಸೋರಿರಬಹುದು.

ಈ ಬಿಯರಿಗೆ ಸಕ್ಕರೆ ಹಾಕುತ್ತಾರಂತೆ. ಅದು ಕಲಬೆರಕೆಯಲ್ಲವೇ? ಸಿಹಿಯಾಗದೆ ಒಣ ರುಚಿ ಬರುವುದು ಹೇಗೆ? ಬೆಲ್ಲ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ?
– ಓದುಗರು, ಕುಂಬಳೆ

ಕಲಬೆರಕೆಯಲ್ಲ, ಸಕ್ಕರೆ ಇಲ್ಲದೆ ಈ ಬಿಯರ್ ಹೀಗಾಗುವುದೇ ಇಲ್ಲ. ಮಾಲ್ಟ್ ಮಾಡಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ರಸದಲ್ಲಿ ಯೀಸ್ಟ್ ತಿನ್ನಲಾಗದ ದೊಡ್ಡ ಸಕ್ಕರೆಗಳೂ ಇರುತ್ತವೆ. ಅವು ಕೊನೆತನಕ ಉಳಿದು ಬಿಯರಿಗೆ ಮೈ, ಅಂದರೆ ಬಾಯಿ ತುಂಬುವ ದಪ್ಪ, ಕೊಡುತ್ತವೆ. ಶೇ. 8.5ರ ತನಕ ಬರೀ ಮಾಲ್ಟಿನಿಂದ ಹೋದರೆ ಆ ಮೈ ಭಾರವಾಗಿ ಪಾನಕದಂತಾಗುತ್ತದೆ. ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಅಥವಾ ಬಿಳಿ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದುಬಿಡುತ್ತದೆ. ಆಲ್ಕೋಹಾಲ್ ಏರುತ್ತದೆ, ಸಿಹಿ ಉಳಿಯುವುದಿಲ್ಲ. ಹುದುಗುವ ಸಕ್ಕರೆಯ ಒಟ್ಟು ಪ್ರಮಾಣದಲ್ಲಿ ಶೇ. 20ರ ತನಕ ಹೀಗೆ ಸೇರಿಸುವುದುಂಟು.

ಅಂಕಿಯಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಹುದುಗುವ ಮೊದಲು ರಸದ ಸಾಂದ್ರತೆ (ಬರಿನೀರಿನದು 1.000) 1.070 ಇದ್ದು ಮುಗಿದಾಗ 1.007ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 8.3. ಅದೇ 1.020ರಲ್ಲಿ ನಿಂತುಬಿಟ್ಟರೆ ಸುಮಾರು ಶೇ. 6.6 ಮಾತ್ರ, ಉಳಿದದ್ದು ಬಾಯಿಗಂಟುವ ಸಿಹಿ. ಹೀಗೆ ನಡುವೆ ನಿಲ್ಲುವುದು ಬ್ರೂವರಿಗಳಲ್ಲಿ ಆಗುವ ದೊಡ್ಡ ತೊಂದರೆ. ಸುಲಭದ ಸಕ್ಕರೆಯನ್ನು ಮೊದಲೇ ಕೊಟ್ಟರೆ ಯೀಸ್ಟ್ ಅದನ್ನೇ ತಿಂದು ಮಾಲ್ಟಿನ ಸಕ್ಕರೆಯತ್ತ ಸೋಮಾರಿಯಾಗುತ್ತದೆ. ಅದಕ್ಕೇ ಅನೇಕರು ಹುದುಗು ಅರ್ಧ ದಾರಿ ಬಂದ ಮೇಲೆ ಸಕ್ಕರೆ ಹಾಕುತ್ತಾರೆ. ಶಾಖವನ್ನೂ 18 ಡಿಗ್ರಿ ಆಸುಪಾಸಿನಲ್ಲಿ ಆರಂಭಿಸಿ ಮೆಲ್ಲನೆ ಏರಲು ಬಿಡುತ್ತಾರೆ. ಮೊದಲ ದಿನವೇ ಬಿಸಿಯಾದರೆ ಗಂಟಲು ಸುಡುವ ಭಾರದ ಆಲ್ಕೋಹಾಲುಗಳು ಹುಟ್ಟುತ್ತವೆ.

ಬೆಲ್ಲ ಇಲ್ಲಿಗೆ ಹೊಂದುವುದಿಲ್ಲ. ಬಣ್ಣ ಕಂದಾಗುತ್ತದೆ, ಕಾಕಂಬಿಯ ವಾಸನೆ ಹಣ್ಣಿನ ಪರಿಮಳವನ್ನು ಮುಚ್ಚುತ್ತದೆ. ಕಂದು ಬಣ್ಣದ ಬೆಲ್ಜಿಯನ್ ಬಿಯರುಗಳೇ ಬೇರೆ ಇವೆ, ಬೆಲ್ಲದ ಗುಣ ಅಲ್ಲಿ ಒಪ್ಪೀತು. ಇನ್ನೊಂದು ಮಾತು: ಇದನ್ನು ಓದಿ ಮನೆಯಲ್ಲಿ ಮಾಡಲು ಹೊರಡಬೇಡಿ. ಕೇರಳದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಅಪರಾಧ.

ಟ್ರಿಪೆಲ್ ಎಂಬುದೂ ಇದೂ ಒಂದೆಯೇ?
– ಓದುಗರು, ಹೊಸೂರು

ಹತ್ತಿರದ ಸಂಬಂಧಿಗಳು, ಒಂದೇ ಅಲ್ಲ. ಟ್ರಿಪೆಲ್‌ಗೆ ಮಾದರಿ ಬೆಲ್ಜಿಯಂನ ವೆಸ್ಟ್‌ಮಾಲ್ ಮಠದ ಬಿಯರ್, ಶೇ. 9.5. ಅದರ ಹಳದಿ ತುಸು ಗಾಢ, ಮೈ ತುಸು ತುಂಬು, ಲವಂಗದಂಥ ಮಸಾಲೆ ಮುಂದೆ. ಗೋಲ್ಡನ್ ಸ್ಟ್ರಾಂಗ್‌ಗೆ ಮಾದರಿ ಅಲ್ಲಿನದೇ ಬ್ರೇಂಡಾಂಕ್ ಊರಿನ ಮೋರ್ಟ್‌ಗಾಟ್ ಬ್ರೂವರಿಯ ಡೂವೆಲ್. ಮೊದಲನೇ ಮಹಾಯುದ್ಧದ ನಂತರ ಸ್ಕಾಟ್ಲೆಂಡಿನಿಂದ ತಂದ ಯೀಸ್ಟ್‌ನಿಂದ ಹುಟ್ಟಿ, 1923ರಲ್ಲಿ ಈ ಹೆಸರು ಪಡೆದ ಆ ಬಿಯರ್ ಆಗ ಗಾಢ ಬಣ್ಣದ್ದಾಗಿತ್ತು. ಹೊಂಬಣ್ಣಕ್ಕೆ ಬಂದದ್ದು 1970ರಲ್ಲಿ. ಇದರಲ್ಲಿ ಹಣ್ಣು ಮುಂದೆ, ಮಸಾಲೆ ಹಿಂದೆ, ಮೈ ಹಗುರ, ಕೊನೆ ಇನ್ನೂ ಒಣ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬಣ್ಣದಲ್ಲೇ ಅಂತರ ಕಾಣುತ್ತದೆ. ಡೆಲಿರಿಯಮ್ ಟ್ರೆಮೆನ್ಸ್ ಕೂಡ ಶೇ. 8.5ರದ್ದು, ಇದೇ ಕುಟುಂಬದ್ದು.

ನಮ್ಮ ಅಂಗಡಿಗಳ ಸ್ಟ್ರಾಂಗ್ ಬಿಯರಿಗೂ ಇದಕ್ಕೂ ಮಾತ್ರ ಹೋಲಿಕೆ ಬೇಡ. ಅದು ತಂಪಿನಲ್ಲಿ ಹುದುಗುವ ಲಾಗರ್ ಯೀಸ್ಟ್‌ನದು. ಹಣ್ಣು-ಮಸಾಲೆಯ ಪರಿಮಳ ಅದರ ಗುರಿಯೇ ಅಲ್ಲ.

ಉಡುಗೊರೆಯಾಗಿ ಬಂದ ಬಾಟಲಿಯನ್ನು ಮಾರ್ಚಿಯಿಂದ ಜೂನ್ ತನಕ ಕಪಾಟಿನಲ್ಲಿ ಇಟ್ಟಿದ್ದೆ. ತೆಗೆದಾಗ ಒದ್ದೆ ರಟ್ಟಿನ ವಾಸನೆ. ಬಾಟಲಿಯ ಮೇಲಿನ ತಾರೀಕು ಇನ್ನೂ ಮುಗಿದಿಲ್ಲ.
– ಓದುಗರು, ಸೊಲ್ಲಾಪುರ

ಸೊಲ್ಲಾಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಮನೆಯೊಳಗೆ ಆ ತಾರೀಕಿಗೆ ಬೆಲೆಯಿಲ್ಲ. ಶಾಖ 10 ಡಿಗ್ರಿ ಏರಿದರೆ ಬಿಯರ್ ಹಳತಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಒದ್ದೆ ರಟ್ಟಿನ ವಾಸನೆ ಆಮ್ಲಜನಕದ ಕೆಲಸ. ಬಾಟಲಿಯೊಳಗಿನ ಯೀಸ್ಟ್ ಸ್ವಲ್ಪ ಆಮ್ಲಜನಕ ಹೀರಿಕೊಳ್ಳುತ್ತದಾದರೂ ಅಂಥ ಸೆಕೆಯಲ್ಲಿ ಯೀಸ್ಟೇ ಸತ್ತು ಮಾಂಸದ ಸಾರಿನಂಥ ವಾಸನೆ ಬಿಡುತ್ತದೆ. ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ, ನೆಟ್ಟಗೆ, ಕತ್ತಲಲ್ಲಿ ಇಡಿ.

ಬೇರೆ ವಾಸನೆಗಳನ್ನೂ ಗುರುತಿಸಲು ಕಲಿಯಿರಿ. ಬಿಸಿಲಿಗೆ ಅಥವಾ ಅಂಗಡಿಯ ಟ್ಯೂಬ್‌ಲೈಟಿಗೆ ಸಿಕ್ಕಿ ಹಾಪ್ಸ್ ಕೆಟ್ಟರೆ ಸುಟ್ಟ ರಬ್ಬರಿನಂಥ, ಕಾಡುಪ್ರಾಣಿಯ ಮೈಯಂಥ ಗಬ್ಬು ಬರುತ್ತದೆ. ಹಸಿರು ಬಾಟಲಿಯಲ್ಲಿ ಇದು ಬೇಗ, ಕಂದು ಬಾಟಲಿಯಲ್ಲಿ ಅಪರೂಪ. ಬೆಣ್ಣೆಯ ವಾಸನೆ, ಬೇಯಿಸಿದ ಜೋಳದ ವಾಸನೆ, ಹಸಿ ಸೇಬಿನ ಸಿಪ್ಪೆಯ ವಾಸನೆ ಇವು ಮೂರೂ ಬ್ರೂವರಿಯಲ್ಲೇ ಆದ ತಪ್ಪು, ನಿಮ್ಮ ಕಪಾಟಿನದ್ದಲ್ಲ. ನೇಲ್‌ಪಾಲಿಶ್ ತೆಗೆಯುವ ದ್ರವದ ಘಾಟು ಬಂದರೆ ಯೀಸ್ಟ್ ತೀರ ಬಿಸಿಯಲ್ಲೋ ಒತ್ತಡದಲ್ಲೋ ಕೆಲಸ ಮಾಡಿದೆ. ತಂಪಾಗಿದ್ದೂ ಬಾಟಲಿ ಬುಗ್ಗೆಯಂತೆ ಉಕ್ಕಿ, ರುಚಿ ಹುಳಿಯಾಗಿದ್ದರೆ ಬೇರೆ ಸೂಕ್ಷ್ಮಾಣು ಒಳಹೊಕ್ಕಿದೆ, ಚೆಲ್ಲಿಬಿಡಿ.

ನಾಲ್ಕು ಮಂದಿ ಸ್ನೇಹಿತರು ಸೇರಿ ಅಂಕ ಹಾಕಿ ನೋಡಬೇಕೆಂದಿದ್ದೇವೆ. ಕ್ರಮ ಹೇಗೆ?
– ಓದುಗರು, ಮಡಕಶಿರಾ

ಸ್ಪರ್ಧೆಗಳಲ್ಲಿ ಬಳಸುವ ಬಿಜೆಸಿಪಿ (ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಅಮೆರಿಕದ ಸಂಸ್ಥೆ) ಪಟ್ಟಿ 50 ಅಂಕದ್ದು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ 10. ನೋಟಕ್ಕೆ ಮೂರೇ ಎಂಬುದನ್ನು ಗಮನಿಸಿ, ಹೊಸಬರು ಬಣ್ಣಕ್ಕೆ ಮರುಳಾಗಿ ಅಂಕ ಸುರಿಯುತ್ತಾರೆ. 38 ಅಥವಾ ಹೆಚ್ಚು ಬಂದರೆ ಬಿಯರ್ ಅತ್ಯುತ್ತಮ, 30ರಿಂದ 37 ಬಹಳ ಚೆನ್ನ, 21ಕ್ಕಿಂತ ಕೆಳಗೆ ಬಂದರೆ ದೋಷ ಎದ್ದು ಕಾಣುವಂಥದ್ದು. ನಿಮ್ಮ ನಾಲಿಗೆಗೆ ಇಷ್ಟವೋ ಅಲ್ಲವೋ ಎಂಬುದನ್ನು ಬದಿಗಿಟ್ಟು, ಈ ಜಾತಿಯ ಬಿಯರ್ ಹೇಗಿರಬೇಕೋ ಹಾಗಿದೆಯೇ ಎಂದು ಅಳೆಯಿರಿ. ಸಿಹಿ ಇಷ್ಟವೆಂದು ಸಿಹಿ ಉಳಿದ ಗೋಲ್ಡನ್ ಸ್ಟ್ರಾಂಗ್‌ಗೆ ಹೆಚ್ಚು ಕೊಡುವಂತಿಲ್ಲ.

330 ಮಿಲಿಯ ಒಂದು ಬಾಟಲಿ ನಾಲ್ವರಿಗೆ ತಲಾ 80 ಮಿಲಿ ಬರುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ಬಾಟಲಿಯನ್ನು ಬೇರೆ ಕೋಣೆಯಲ್ಲಿ ಒಬ್ಬರು ಸುರಿದು, ಗ್ಲಾಸಿಗೆ ನಂಬರು ಅಂಟಿಸಿ ತರಲಿ. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು. ಒಬ್ಬರು "ಕಿತ್ತಳೆ" ಎಂದರೆ ಉಳಿದವರ ಮೂಗಿಗೂ ಕಿತ್ತಳೆಯೇ ಬರುತ್ತದೆ. ಹಿಂದಿನ ಎರಡು ಗಂಟೆ ಎಲೆಅಡಿಕೆ, ಗುಟ್ಕಾ, ಸಿಗರೇಟು, ಕಾಫಿ ಬೇಡ. ಸುಣ್ಣವೂ ಅಡಿಕೆಯ ಒಗರೂ ಸೇರಿ ನಾಲಿಗೆಯನ್ನು ಮರಗಟ್ಟಿಸಿದರೆ ಕಹಿಯನ್ನು ಅಳೆಯಲಾಗದು. ಮೈಗೆ ಅತ್ತರು ಹಾಕಿ ಬರಬೇಡಿ. ನಡುನಡುವೆ ನೀರು, ಉಪ್ಪು-ಖಾರ ಹಾಕದ ಮಂಡಕ್ಕಿ ಇರಲಿ.

ಒಂದೇ ಕೂಟಕ್ಕೆ ಮೂರು ಮಾದರಿ ಸಾಕು. ಇಂಥ ಒಂದು ಪೂರ್ತಿ ಬಾಟಲಿಯಲ್ಲಿ 28 ಮಿಲಿ ಶುದ್ಧ ಆಲ್ಕೋಹಾಲ್ ಇದೆ, 60 ಮಿಲಿಯ ವಿಸ್ಕಿ ಪೆಗ್ಗಿನಲ್ಲಿರುವುದು ಸುಮಾರು 26. ಬೈಕಿನಲ್ಲಿ ಬಂದವರು ರಾತ್ರಿ ಅಲ್ಲೇ ಉಳಿಯಲಿ.

ಮಂಗಳೂರಿನಲ್ಲಿ ಕೊಂಡು ತಲಪಾಡಿ ದಾಟಿಸಿ ಮನೆಗೆ ತರಬಹುದೇ?
– ಓದುಗರು, ಮಂಜೇಶ್ವರ

ತರಬೇಡಿ. ಕರ್ನಾಟಕದಲ್ಲಿ ಕೊಂಡ ಮದ್ಯವನ್ನು ಪರವಾನಗಿ ಇಲ್ಲದೆ ಕೇರಳಕ್ಕೆ ತರುವುದು ಅಪರಾಧ, ಬಿಲ್ ಇದ್ದರೂ ಪ್ರಯೋಜನವಿಲ್ಲ. ಕೇರಳದಲ್ಲಿ ಕುಡಿಯುವ ಕನಿಷ್ಠ ವಯಸ್ಸು 23 ಎಂಬುದೂ ನೆನಪಿರಲಿ.

ಜೊತೆಗೆ ತಿನ್ನಲು ಏನು ಹೊಂದುತ್ತದೆ? ತಳದ ಮಡ್ಡಿ ಕುಡಿಯಬಹುದೇ?
– ಓದುಗರು, ಮುಳ್ಳೇರಿಯ

ಹೆಚ್ಚು ಗ್ಯಾಸು, ಹೆಚ್ಚು ಆಲ್ಕೋಹಾಲ್ ಇರುವಲ್ಲಿ ಮೆಣಸಿನಕಾಯಿಯ ಖಾರ ಇಮ್ಮಡಿ ಉರಿಯುತ್ತದೆ. ಕೋರಿ ರೊಟ್ಟಿಯ ಕೆಂಪು ಸಾರಿನ ಜೊತೆ ಬಿಯರೂ ಹಾಳು, ಸಾರೂ ಹಾಳು. ಎಣ್ಣೆಯಲ್ಲಿ ಕರಿದದ್ದು, ಉಪ್ಪಿನದ್ದು, ತೆಂಗಿನದ್ದು ಚೆನ್ನ: ಹಲಸಿನಕಾಯಿ ಚಿಪ್ಸ್, ಖಾರ ಕಡಿಮೆ ಹಾಕಿ ಒಳ್ಳೆಮೆಣಸಿನಲ್ಲಿ ಹುರಿದ ಸಿಗಡಿ, ತೆಂಗಿನಹಾಲಿನ ಮೀನು ಪದಾರ್ಥದ ಜೊತೆ ನೀರುದೋಸೆ. ಗ್ಯಾಸು ಜಿಡ್ಡನ್ನು ನಾಲಿಗೆಯಿಂದ ತೊಳೆದುಬಿಡುತ್ತದೆ. ಅಂಕ ಹಾಕುವುದಿದ್ದರೆ ತಿಂಡಿ ಆಮೇಲೆ.

ಮಡ್ಡಿ ಎಂದರೆ ಬಿಯರನ್ನು ಬಾಟಲಿಯಲ್ಲೇ ಎರಡನೇ ಸಲ ಹುದುಗಿಸಿದ ಯೀಸ್ಟ್. ಕುಡಿದರೆ ಅಪಾಯವೇನಿಲ್ಲ, ಕೆಲವರ ಹೊಟ್ಟೆ ಗುಡುಗುಡು ಎನ್ನಬಹುದು ಅಷ್ಟೇ. ಆದರೆ ಗ್ಲಾಸಿಗೆ ಬೆರೆಸಿದರೆ ಬಿಯರ್ ಮಬ್ಬಾಗಿ, ಹಿಟ್ಟಿನ ರುಚಿ ಬಂದು, ಕೊನೆಯ ಒಣತನ ಮಂಕಾಗುತ್ತದೆ. ಬೇಕಿದ್ದವರು ಅದನ್ನು ಬೇರೆ ಸಣ್ಣ ಲೋಟಕ್ಕೆ ಬಗ್ಗಿಸಿ ಕುಡಿಯಲಿ.