ಅಣ್ಣನನ್ನು ಕ್ಷಮಿಸಬೇಕು ಅಂದ್ರೆ ಕೇಸ್ ಹಾಕಬಾರದಾ?

ಪ್ರಶ್ನೆ: ಅಪ್ಪ ವಿಲ್ ಮಾಡದೆ ತೀರಿಕೊಂಡರು. ಖಾತೆ ಬದಲಾವಣೆಗೆ ಅಂತ ಹೇಳಿ ಅಣ್ಣ ನನ್ನ ಸಹಿ ತಗೊಂಡರು. ಅದು ಹಕ್ಕು ಬಿಡುಗಡೆ ಪತ್ರ ಅಂತ ಈಗ ಗೊತ್ತಾಗಿದೆ. ಕೇಳಿದರೆ "ಮದುವೆಗೆ ಖರ್ಚು ಮಾಡಿದ್ದೇ ನಿನ್ನ ಪಾಲು" ಅಂತಾರೆ. ಸಭೆಯ (ಚರ್ಚಿನ) ಹಿರಿಯರು "ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಯೇಸು ಹೇಳಿಲ್ವಾ, ಬಿಟ್ಟುಬಿಡು" ಅನ್ನುತ್ತಾರೆ. ಕೇಸ್ ಹಾಕಿದರೆ ಕ್ಷಮಿಸದ ಹಾಗಾ? ಕರ್ತನ ಭೋಜನ (ಸಭೆಯಲ್ಲಿ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ) ತಗೊಳ್ಳಲೂ ಹಿಂಜರಿಕೆ ಆಗ್ತಿದೆ.

ಉತ್ತರ: ಇಲ್ಲ ಸಹೋದರಿ, ಪಾಲು ಕೇಳಿದ ಮಾತ್ರಕ್ಕೆ ಕ್ಷಮಿಸಿಲ್ಲ ಅಂತ ಆಗುವುದಿಲ್ಲ.

ಹಿರಿಯರು ಹೇಳಿದ ವಚನ ಬೈಬಲಿನ ಮತ್ತಾಯ 18ರಲ್ಲಿದೆ, ಸರಿ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, 15ರಿಂದ 17ರವರೆಗೆ ಓದಿದ್ದಾರಾ? ಸಹೋದರ ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸು ಅಂತ ಯೇಸುವೇ ಹೇಳಿದ್ದಾರೆ. ಅಂದರೆ ಈಗ ಕೆಲಸ ಇರುವುದು ಹಿರಿಯರಿಗೆ! ನಿಮಗೆ ಬುದ್ಧಿ ಹೇಳುವುದು ಸುಲಭ, ಅಣ್ಣನ ಮನೆಗೆ ಹೋಗಿ ಆ ಪತ್ರ ಮುಂದಿಟ್ಟು ಮಾತಾಡುವುದು ಕಷ್ಟ. ಕ್ಷಮೆಯ ಪ್ರಸಂಗ ಕಳೆದುಕೊಂಡವರಿಗೇ, ಅದರಲ್ಲೂ ಹೆಣ್ಣುಮಕ್ಕಳಿಗೇ ಜಾಸ್ತಿ ಸಿಗುತ್ತದೆ. ನನಗಂತೂ ಇದು ಸಿಟ್ಟು ತರಿಸುತ್ತದೆ.

ಏಳೆಪ್ಪತ್ತರ ನಂತರ ಯೇಸು ಹೇಳುವ ಸಾಮ್ಯವನ್ನೂ (ನೀತಿಕಥೆಯನ್ನೂ) ನೋಡಿ. ಒಬ್ಬ ಆಳಿಗೆ ಹತ್ತು ಸಾವಿರ ತಲಾಂತು ಸಾಲ. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ, ಹಾಗಾಗಿ ಅದು ಏಳು ಜನ್ಮಕ್ಕೂ ತೀರುವ ಸಾಲವಲ್ಲ. ರಾಜ ಮೊದಲು ಲೆಕ್ಕ ತೆಗೆಸಿದ, ಇಷ್ಟಿದೆ ಅಂತ ಎದುರಿಗೆ ಹೇಳಿದ, ಆಮೇಲೆ ಬಿಟ್ಟ. ನಿಮ್ಮ ಅಣ್ಣ ಸಾಲ ಇದೆ ಅಂತಲೇ ಒಪ್ಪುತ್ತಿಲ್ಲ.

ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರ, 1 ಕೊರಿಂಥ 6ನೇ ಅಧ್ಯಾಯವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ವಿಶ್ವಾಸಿಗಳು ಕೋರ್ಟಿಗೆ ಹೋಗುವುದನ್ನು ಪೌಲ ಅಲ್ಲಿ ಗದರಿಸುತ್ತಾನೆ, ಅನ್ಯಾಯವನ್ನು ಯಾಕೆ ಸಹಿಸಬಾರದು ಅಂತಲೂ ಕೇಳುತ್ತಾನೆ. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. ಆದರೆ ತೀರ್ಪು ಹೇಳುವಷ್ಟು ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ವಾ ಅಂತ ಸಭೆಯನ್ನೂ ಕೇಳುತ್ತಾನೆ, ಸಹೋದರರಿಗೇ ಮೋಸ ಮಾಡುವವರನ್ನೂ ಬೈಯುತ್ತಾನೆ. ಅದಕ್ಕೇ ಮೊದಲು ಸಭೆಯಲ್ಲಿ ಕೂತು ಮಾತಾಡಿ. ಅಲ್ಲಿ ನ್ಯಾಯ ಸಿಗದಿದ್ದರೆ ಕೋರ್ಟಿಗೆ ಹೋಗುವುದು ಪಾಪ ಅಂತ ನಾನು ಹೇಳಲಾರೆ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಗಾಡಿಯಲ್ಲಿ ಮಲಗಿದ್ದಾಗಲೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಆದರೂ ಕೇಸ್ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರಿಂದ ಆ ತಾಯಿಯ ಕ್ಷಮೆ ಸುಳ್ಳಾಯಿತು ಅಂತ ಯಾರಾದರೂ ಹೇಳುತ್ತಾರಾ?

ಕಾನೂನಿನ ವಿಷಯ ವಕೀಲರ ಹತ್ತಿರ ಕೇಳಿ, ತಡ ಮಾಡಬೇಡಿ. ಮೋಸದಿಂದ ಮಾಡಿಸಿದ ಪತ್ರ ರದ್ದಾಗಬೇಕು ಅಂತ ದಾವೆ ಹೂಡಲು ಸಾಮಾನ್ಯವಾಗಿ ಮೋಸ ಗೊತ್ತಾದಾಗಿನಿಂದ 3 ವರ್ಷ ಅವಕಾಶ. ಕ್ರೈಸ್ತರಾದ ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೂ ಮಗನಿಗೂ ಸಮಪಾಲು. ಅಪ್ಪ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯುವ ಹಾಗೂ ಇಲ್ಲ.

ಇನ್ನು ನಿಮ್ಮ ಮನಸ್ಸು. ಅಣ್ಣ ಹಾಳಾಗಿ ಹೋಗಲಿ ಅಂತ ಬಯಸುತ್ತಿದ್ದೀರಾ? ಬಿಡಬೇಕಾಗಿರುವುದು ಅದನ್ನು. ಒಂದೇ ದಿನಕ್ಕೆ ಹೋಗುವುದಿಲ್ಲ. ಸಿಟ್ಟು ಬಂದಾಗಲೆಲ್ಲ ಅವರ ಹೆಸರು ಹೇಳಿ ಪ್ರಾರ್ಥಿಸಿ, ಬರೀ ಒಂದು ಸಾಲಾದರೂ ಸಾಕು, ಮೊದಮೊದಲು ಹಲ್ಲು ಕಚ್ಚಿಕೊಂಡೇ ಮಾಡಬೇಕಾಗುತ್ತದೆ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ತೆಗೆಯಬೇಡಿ. ಅವರ ಮಕ್ಕಳ ಮದುವೆಗೆ ಕರೆದರೆ ಹೋಗಿ. ಕರ್ತನ ಭೋಜನವನ್ನಂತೂ ಬಿಡಬೇಡಿ. ಅಣ್ಣ ಯಾವತ್ತಾದರೂ ರಾಜಿಗೆ ಬಂದರೆ ಸಂತೋಷವಾಗಿ ಒಪ್ಪಿ, ಆದರೆ ಬರೀ ಬಾಯಿಮಾತಿನಲ್ಲಿ ಬೇಡ, ಪತ್ರ ಮಾಡಿಸಿ ರಿಜಿಸ್ಟರ್ ಮಾಡಿಸಿ, ಮತ್ತು ಈ ಸಾರಿ ಪೂರ್ತಿ ಓದಿಯೇ ಸಹಿ ಹಾಕಿ.