ಕತ್ತಲಾದ ಕೂಡಲೇ ಡೈನೋಸಾರ್ ಕುಣಿಯುವುದೇಕೆ?

ಪ್ರಶ್ನೆ: ಕ್ರೋಮ್‌ನ ಡೈನೋಸಾರ್ ಆಟ ತಾನಾಗಿಯೇ ನಡೆಯಲೆಂದು ಆರ್ಡುಯಿನೋ ಯುನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್‌ಗೆ ಒಂದು ಎಲ್‌ಡಿಆರ್ (ಬೆಳಕು ಗ್ರಹಿಸುವ ಸೆನ್ಸರ್), ಒಂದು ಎಸ್‌ಜಿ90 ಸರ್ವೋ (ಹೇಳಿದಷ್ಟು ತಿರುಗುವ ಪುಟ್ಟ ಮೋಟರ್) ಜೋಡಿಸಿದ್ದೇನೆ. ಪರದೆಗೆ ಅಂಟಿಸಿದ ಎಲ್‌ಡಿಆರ್ ಕಳ್ಳಿಗಿಡ ಗುರುತಿಸಿದರೆ ಸರ್ವೋ ಸ್ಪೇಸ್‌ಬಾರ್ ಒತ್ತುತ್ತದೆ. ಆದರೆ 700 ಅಂಕ ಆಗುತ್ತಿದ್ದಂತೆ ಸುಮ್ಮಸುಮ್ಮನೆ ಕುಣಿದು ಸಾಯುತ್ತದೆ. ಏಕೆ?

ಉತ್ತರ: 700ಕ್ಕೆ ಆ ಆಟದಲ್ಲಿ ರಾತ್ರಿಯಾಗುತ್ತದೆ. ಹಿನ್ನೆಲೆ ಕಪ್ಪಾಗಿ ಕಳ್ಳಿ ಬೆಳ್ಳಗಾಗುತ್ತದೆ. ‘ಕತ್ತಲು ಕಂಡರೆ ಹಾರು’ ಎಂದಷ್ಟೇ ಕೋಡ್‌ನಲ್ಲಿದ್ದರೆ, ಈಗ ಪರದೆಯೆಲ್ಲ ಕತ್ತಲೇ.

ಇನ್ನೊಂದು ಎಲ್‌ಡಿಆರ್ ಅನ್ನು ನೆಲದ ಗೆರೆಯ ಕೆಳಗೆ, ಏನೂ ಓಡಾಡದ ಜಾಗದಲ್ಲಿ ಅಂಟಿಸಿ. ಎರಡಕ್ಕೂ ಜೋಡಣೆ ಒಂದೇ: 5 ವೋಲ್ಟ್‌ನಿಂದ ಎಲ್‌ಡಿಆರ್, ಅಲ್ಲಿಂದ ಅನಲಾಗ್ ಪಿನ್, ಅದೇ ಪಿನ್‌ನಿಂದ 10 ಕಿಲೋಓಮ್ ರೆಸಿಸ್ಟರ್ ಮೂಲಕ ಗ್ರೌಂಡ್. ಎರಡು ರೀಡಿಂಗ್‌ಗಳ ನಡುವಿನ ಅಂತರ ಮಿತಿ ದಾಟಿದಾಗ ಮಾತ್ರ ಸರ್ವೋ ಚಲಿಸಲಿ. ಎರಡು ಎಲ್‌ಡಿಆರ್‌ಗಳು ತದ್ರೂಪಿಗಳಲ್ಲ. ಆದ್ದರಿಂದ ಕಳ್ಳಿ ಇಲ್ಲದಾಗಿನ ಅಂತರವನ್ನು ಹಗಲಿಗೊಂದು, ರಾತ್ರಿಗೊಂದು ಬರೆದಿಟ್ಟುಕೊಂಡು ಮಿತಿಯನ್ನೂ ಬೇರೆಬೇರೆ ಇಡಿ. ಕೋಣೆಯ ಬೆಳಕು ನುಸುಳದಂತೆ ಸುತ್ತ ಕಪ್ಪು ಟೇಪು ಬೇಕೇ ಬೇಕು.

ರಾತ್ರಿ ಗೆದ್ದರೂ ಮುಂದೆ ವೇಗ ಕಾಡುತ್ತದೆ. ಆಟ ಫ್ರೇಮಿಗೆ 6 ಪಿಕ್ಸೆಲ್‌ನಿಂದ ಶುರುವಾಗಿ 13ರವರೆಗೆ ಏರುತ್ತದೆ. ಸೆಕೆಂಡಿಗೆ 60 ಫ್ರೇಮ್ ಎಂದರೆ 360ರಿಂದ 780 ಪಿಕ್ಸೆಲ್. ಎಲ್‌ಡಿಆರ್ ಎಚ್ಚೆತ್ತು ಸರ್ವೋ ಕೀಲಿ ತಲುಪಲು 100 ಮಿಲಿಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ಅಷ್ಟರಲ್ಲಿ ಕಳ್ಳಿ ಆರಂಭದಲ್ಲಿ 36 ಪಿಕ್ಸೆಲ್ ಹತ್ತಿರ ಬಂದಿದ್ದರೆ, ಕೊನೆಯಲ್ಲಿ 78 ಬಂದಿರುತ್ತದೆ. ಸೆನ್ಸರನ್ನು ಗರಿಷ್ಠ ವೇಗಕ್ಕೆ ತಕ್ಕಷ್ಟು ಮುಂದಿಟ್ಟು, ಶುರುವಿನಲ್ಲಿ ಕೋಡ್‌ನಲ್ಲೇ ಸ್ವಲ್ಪ ಕಾಯಿಸಿ, ಆ ಕಾಯುವಿಕೆಯನ್ನು ಸಮಯ ಕಳೆದಂತೆ ಇಳಿಸುತ್ತ ಬನ್ನಿ.

ಒಂದೇ ಕಳ್ಳಿಗೆ ಎರಡು ಸಲ ಹಾರಿದರೆ ಸರ್ವೋ ಮೇಲೆ ಅನುಮಾನಪಡಿ. ಅದು ಚಲಿಸುವಾಗ ಕರೆಂಟು ಎಳೆದು 5 ವೋಲ್ಟ್ ಕುಸಿಯುತ್ತದೆ, ರೀಡಿಂಗ್ ಅಲುಗುತ್ತದೆ. ಸರ್ವೋಗೆ ಪ್ರತ್ಯೇಕ 5 ವೋಲ್ಟ್ ಕೊಡಿ, ಎರಡರ ಗ್ರೌಂಡ್ ಮಾತ್ರ ಸೇರಿಸಿ. ಸರ್ವೋ ಗೋಜೇ ಬೇಡವಾದರೆ ಆರ್ಡುಯಿನೋ ಲಿಯೊನಾರ್ಡೊ ಸಾಕು. ಯುಎಸ್‌ಬಿ ಕೀಬೋರ್ಡ್‌ನಂತೆ ತಾನೇ ಸ್ಪೇಸ್ ಕಳುಹಿಸುತ್ತದೆ. ಆದರೆ ಟಕ್ ಎಂದು ಕೀಲಿ ಬಡಿಯುವ ಮಜಾ ಹೋಗುತ್ತದೆ ನೋಡಿ!

ಪ್ರಶ್ನೆ: ನಾನು ಬರೆದ ಬ್ರೌಸರ್ ಚೆಂಡಾಟ ಗೆಳೆಯನ ಮಾನಿಟರ್‌ನಲ್ಲಿ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ. ಕಂಪ್ಯೂಟರ್ ಬಲಿಷ್ಠವೆಂದೇ?

ಉತ್ತರ: ಅಲ್ಲ, ಪರದೆ ಚುರುಕು. ಚಿತ್ರ ಸರಿಸಲು ಬ್ರೌಸರ್ ಕೊಡುವ ‘ರಿಕ್ವೆಸ್ಟ್ ಅನಿಮೇಷನ್ ಫ್ರೇಮ್’ ಸಾಮಾನ್ಯವಾಗಿ ಪರದೆ ತಾಜಾ ಆದಾಗಲೆಲ್ಲ ಓಡುತ್ತದೆ. ಪ್ರತಿ ಸಲ 5 ಪಿಕ್ಸೆಲ್ ಸರಿಸಿದರೆ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ ತಾಜಾ ಆಗುವ ಪರದೆಯಲ್ಲಿ) ಸೆಕೆಂಡಿಗೆ 300, 144 ಹರ್ಟ್ಸ್‌ನಲ್ಲಿ 720. ಅದು ಮಿಲಿಸೆಕೆಂಡಿನಲ್ಲಿ ಕೊಡುವ ಸಮಯದಿಂದ ಹಿಂದಿನ ಸಮಯ ಕಳೆದು, 1000ದಿಂದ ಭಾಗಿಸಿ, 300ರಿಂದ ಗುಣಿಸಿದಷ್ಟು ಸರಿಸಿ. ಆ ಸಮಯದ ಅಂತರಕ್ಕೆ 0.05 ಸೆಕೆಂಡಿನ ಮಿತಿಯನ್ನೂ ಹಾಕಿ. ಬೇರೆ ಟ್ಯಾಬ್‌ಗೆ ಹೋದಾಗ ಆಟ ನಿಂತುಬಿಡುತ್ತದೆ. ಹತ್ತು ಸೆಕೆಂಡು ಬಿಟ್ಟು ಮರಳಿದರೆ, ಮಿತಿ ಇಲ್ಲದ ಚೆಂಡು ಒಂದೇ ನೆಗೆತಕ್ಕೆ 3000 ಪಿಕ್ಸೆಲ್ ಹಾರಿ ಗೋಡೆಯಾಚೆ ಬೀಳುತ್ತದೆ.

ಪ್ರಶ್ನೆ: ಹಳೆಯ ಫ್ಲ್ಯಾಶ್ ಆಟದ ಎಸ್‌ಡಬ್ಲ್ಯುಎಫ್ ಕಡತಗಳಿವೆ. ಈಗ ಆಡಬಹುದೇ?

ಉತ್ತರ: ಬಹುತೇಕ ಆಡಬಹುದು. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಬೆಂಬಲ ನಿಲ್ಲಿಸಿತು. ಈಗ ರಫಲ್ ಎಂಬ ಉಚಿತ ಎಮ್ಯುಲೇಟರ್‌ನಲ್ಲಿ (ಫ್ಲ್ಯಾಶ್‌ನಂತೆಯೇ ನಡೆದುಕೊಳ್ಳುವ ತಂತ್ರಾಂಶ) ಕಡತ ತೆರೆಯಿರಿ. ಫ್ಲ್ಯಾಶ್‌ನ ಕೋಡ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್‌ನ 1, 2ನೇ ಆವೃತ್ತಿಯ ಆಟಗಳು ಚೆನ್ನಾಗಿ ಓಡುತ್ತವೆ, 3ರವು ಕೆಲವೊಮ್ಮೆ ತೊಡಕುತ್ತವೆ. ಹಂತಗಳನ್ನು ಸರ್ವರ್‌ನಿಂದ ತರುತ್ತಿದ್ದ ಆಟವಾದರೆ ಲೋಡಿಂಗ್ ಪಟ್ಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ‘ಹೊಸ ಫ್ಲ್ಯಾಶ್ ಪ್ಲೇಯರ್’ ಎಂದು ಎಲ್ಲೆಲ್ಲೋ ಸಿಗುವುದನ್ನು ಮಾತ್ರ ಇಳಿಸಿಕೊಳ್ಳಬೇಡಿ.