ಒಂದೇ ದೇಶ, ಪಕ್ಕಪಕ್ಕದ ರಾಜ್ಯ, ಬಂದೂಕಿನ ಕಾನೂನು ಮಾತ್ರ ಬೇರೆ ಬೇರೆ ಯಾಕೆ?

ನಿಮ್ಮ ತಮ್ಮ ಶಿಕಾಗೊ ಬಿಟ್ಟು ಕುಟುಂಬದ ಜೊತೆ ಇಂಡಿಯಾನಾಪೊಲಿಸ್‌ಗೆ ಹೋಗುತ್ತಿದ್ದಾರೆ. ಎರಡು ಊರಿಗೂ ಮೂರು ಗಂಟೆ ದಾರಿ, ಆದರೆ ಗನ್ ಕಾನೂನು ಪೂರ್ತಿ ಬೇರೆ ಅಂತ ಕೇಳಿ ನಿಮಗೆ ಗಾಬರಿಯಾಗಿದೆ. ಒಂದೇ ದೇಶದಲ್ಲಿ ಇದು ಹೇಗೆ ಸಾಧ್ಯ, ಈ ಅಂತರ ಜಾಸ್ತಿ ಆಗುತ್ತಲೇ ಹೋಗುತ್ತಾ ಅಂತ ಕೇಳಿದ್ದೀರಿ. ನಾನು ಶಿಕಾಗೊ ಹೊರವಲಯದಲ್ಲಿದ್ದೇನೆ, ಇಂಡಿಯಾನಾದಲ್ಲಿ ಸ್ನೇಹಿತರಿದ್ದಾರೆ. ಹೌದು, ಅಂತರ ಜಾಸ್ತಿ ಆಗುತ್ತಿದೆ. ಅದು ನನ್ನನ್ನು ತುಂಬಾ ಕಾಡುವ ವಿಷಯವೂ ಹೌದು.

ನಮ್ಮಲ್ಲಿ ಬಂದೂಕು ಕೇಂದ್ರದ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆ ಕರ್ನಾಟಕಕ್ಕೂ ಕೇರಳಕ್ಕೂ ಒಂದೇ. ಕೊಡಗಿನವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು ಅನ್ನುವ ವಿನಾಯಿತಿ ಇದೆಯಲ್ಲ, ಅದನ್ನೂ ಕೊಟ್ಟಿರುವುದು ಕೇಂದ್ರವೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕೇಂದ್ರದ ಕಾನೂನು ಕನಿಷ್ಠ ನಿಯಮಗಳನ್ನಷ್ಟೇ ಹೇಳುತ್ತದೆ. ಲೈಸೆನ್ಸ್ ಇರುವ ಅಂಗಡಿಯವನು ಕೊಳ್ಳುವವನ ಹಿನ್ನೆಲೆ ಪರೀಕ್ಷಿಸಬೇಕು ಅಂತ 1993ರ ಬ್ರೇಡಿ ಕಾಯ್ದೆ ಹೇಳುತ್ತದೆ. ವ್ಯಾಪಾರಿಯಲ್ಲದ ಒಬ್ಬ ಮನುಷ್ಯ ತನ್ನ ಸ್ವಂತ ಗನ್ನನ್ನು ಅದೇ ರಾಜ್ಯದ ಇನ್ನೊಬ್ಬನಿಗೆ ಮಾರಿದರೆ ಆ ಪರೀಕ್ಷೆ ಕಡ್ಡಾಯವಲ್ಲ. ಇದಕ್ಕಿಂತ ಬಿಗಿ ಬೇಕೋ ಬೇಡವೋ ಅನ್ನುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು.

ಇಲಿನಾಯ್‌ನಲ್ಲಿ ಗನ್ ಇಟ್ಟುಕೊಳ್ಳಲು ಮೊದಲು ರಾಜ್ಯ ಪೊಲೀಸರಿಂದ ಫಾಯ್ಡ್ ಕಾರ್ಡ್, ಅಂದರೆ ಗನ್ ಮಾಲೀಕರ ಗುರುತಿನ ಚೀಟಿ, ತೆಗೆದುಕೊಳ್ಳಬೇಕು. ಗನ್ನನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಲು ಬೇರೆ ಲೈಸೆನ್ಸ್, ಅದಕ್ಕೆ ತರಬೇತಿ. ಇಂಡಿಯಾನಾದಲ್ಲಿ ಅಂಥ ಕಾರ್ಡ್ ಇಲ್ಲ. 2022ರ ಜುಲೈ 1ರಿಂದ, ಕಾನೂನಿನ ನಿಷೇಧ ಇಲ್ಲದ 18 ದಾಟಿದ ಯಾರೇ ಆದರೂ ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಹೀಗೆ ಬಿಟ್ಟಿರುವ ರಾಜ್ಯಗಳು ಈಗ 29. ಟೆಕ್ಸಾಸ್ 2021ರಲ್ಲಿ, ಫ್ಲೋರಿಡಾ 2023ರಲ್ಲಿ, ಲೂಸಿಯಾನಾ 2024ರಲ್ಲಿ ಆ ಪಟ್ಟಿಗೆ ಸೇರಿದವು.

ಅಂತರ ಯಾಕೆ ಹಿಗ್ಗುತ್ತಿದೆ ಅಂತ ತಿಳಿಯಬೇಕಾದರೆ 2022ರ ಬೇಸಿಗೆಯನ್ನು ನೋಡಬೇಕು. ಆಗ ನಾವೆಲ್ಲ ಇಲ್ಲೇ ಇದ್ದೆವು.

ಮೇ ತಿಂಗಳಲ್ಲಿ ಟೆಕ್ಸಾಸ್‌ನ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಜೂನ್ 23ಕ್ಕೆ ಸುಪ್ರೀಂ ಕೋರ್ಟಿನ ಬ್ರೂಯನ್ ತೀರ್ಪು ಬಂತು. ಹೊರಗೆ ಗನ್ ಒಯ್ಯಲು ವಿಶೇಷ ಕಾರಣ ತೋರಿಸಬೇಕು ಅನ್ನುವ ನ್ಯೂಯಾರ್ಕಿನ ನೂರು ವರ್ಷ ಹಳೆಯ ನಿಯಮ ಬಿದ್ದುಹೋಯಿತು. ಆತ್ಮರಕ್ಷಣೆಗೆ ಮನೆಯ ಹೊರಗೂ ಗನ್ ಒಯ್ಯುವುದು ಜನರ ಹಕ್ಕು, ಅದನ್ನು ತಡೆಯುವ ಕಾನೂನು ದೇಶದ ಹಳೆಯ ಸಂಪ್ರದಾಯಕ್ಕೆ ಹೊಂದಬೇಕು ಅಂತ ಕೋರ್ಟು ಹೇಳಿತು. ಎರಡೇ ದಿನದಲ್ಲಿ, ಜೂನ್ 25ಕ್ಕೆ, ಸುಮಾರು 30 ವರ್ಷಗಳಲ್ಲೇ ದೊಡ್ಡದಾದ ಕೇಂದ್ರದ ಗನ್ ಕಾನೂನಿಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಅದರಲ್ಲೂ ಎಲ್ಲ ಮಾರಾಟಕ್ಕೂ ಪರೀಕ್ಷೆ ಅನ್ನುವ ಮಾತು ಇರಲಿಲ್ಲ.

ಜುಲೈ 1ಕ್ಕೆ ಇಂಡಿಯಾನಾದಲ್ಲಿ ಪರ್ಮಿಟ್ ಹೋಯಿತು. ಜುಲೈ 4ರ ಬೆಳಿಗ್ಗೆ ಇಲಿನಾಯ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲಿ ಸ್ವಾತಂತ್ರ್ಯ ದಿನದ ಮೆರವಣಿಗೆ. ಮಕ್ಕಳು, ಅಜ್ಜ ಅಜ್ಜಿಯರು ರಸ್ತೆ ಬದಿ ಕುರ್ಚಿ ಹಾಕಿ ಕೂತಿದ್ದರು. ಕಟ್ಟಡದ ಮೇಲಿಂದ ಒಬ್ಬ ಹುಡುಗ ಒಂದು ನಿಮಿಷದೊಳಗೆ 83 ಗುಂಡು ಹಾರಿಸಿದ. 7 ಜನ ಸತ್ತರು. ಆ ಊರಿನಲ್ಲಿ ಅವನು ಬಳಸಿದಂಥ, ಸೈನ್ಯದ ಬಂದೂಕಿನ ಮಾದರಿಯ ರೈಫಲ್‌ಗಳಿಗೆ 2013ರಿಂದಲೇ ನಿಷೇಧ ಇತ್ತು! ಊರಿನ ನಿಷೇಧ ಊರಿನ ಗಡಿಯವರೆಗೆ ಮಾತ್ರ. ರಾಜ್ಯದಲ್ಲಿ ನಿಷೇಧ ಇರಲಿಲ್ಲ, ಅವನು ಕಾನೂನು ಪ್ರಕಾರವೇ ಕೊಂಡಿದ್ದ. ಮನೆಯವರನ್ನು ಕೊಲ್ಲುತ್ತೇನೆ ಅಂದಿದ್ದಕ್ಕೆ 2019ರಲ್ಲಿ ಪೊಲೀಸರು ಅವನ ಚಾಕುಗಳನ್ನು ಒಯ್ದಿದ್ದರು. ಆಮೇಲೂ ಅಪ್ಪನ ಸಹಿಯ ಮೇಲೆ ಅವನಿಗೆ ಫಾಯ್ಡ್ ಕಾರ್ಡ್ ಸಿಕ್ಕಿತ್ತು.

ಜುಲೈ 17ಕ್ಕೆ ಇಂಡಿಯಾನಾದ ಗ್ರೀನ್‌ವುಡ್‌ನ ಮಾಲ್‌ನಲ್ಲಿ ಇನ್ನೊಬ್ಬ ಗುಂಡು ಹಾರಿಸಿ 3 ಜನರನ್ನು ಕೊಂದ. ಅಲ್ಲಿಗೆ ಬಂದಿದ್ದ 22ರ ಯುವಕನೊಬ್ಬ ತನ್ನ ಪಿಸ್ತೂಲಿನಿಂದ ಸೆಕೆಂಡುಗಳಲ್ಲಿ ಅವನನ್ನು ಬೀಳಿಸಿದ. ಆ ಯುವಕ ಪಿಸ್ತೂಲು ತಂದಿದ್ದು ಎರಡು ವಾರದ ಹಿಂದಷ್ಟೇ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ.

ಒಂದೇ ತಿಂಗಳಲ್ಲಿ ಎರಡು ರಾಜ್ಯಕ್ಕೂ ತಂತಮ್ಮ ಸಾಕ್ಷಿ ಸಿಕ್ಕಿತು. 2023ರ ಜನವರಿಯಲ್ಲಿ ಇಲಿನಾಯ್ ಆ ಬಗೆಯ ರೈಫಲ್‌ಗಳ ಮಾರಾಟವನ್ನೇ ನಿಷೇಧಿಸಿತು. ಇಂಡಿಯಾನಾದವರಿಗೆ ತಾವು ಮಾಡಿದ್ದೇ ಸರಿ ಅನ್ನಿಸಿತು. ಪ್ರತಿ ಸಲವೂ ಹೀಗೇ ಆಗುತ್ತದೆ. ಸಾವು ಒಂದೇ, ಅದನ್ನು ನೋಡಿ ಒಂದು ರಾಜ್ಯ ಬಾಗಿಲು ಹಾಕುತ್ತದೆ, ಇನ್ನೊಂದು ತೆಗೆಯುತ್ತದೆ.

ಇಂಡಿಯಾನಾದವರನ್ನು ಮೂರ್ಖರು ಅನ್ನಲು ನನಗೆ ಮನಸ್ಸಿಲ್ಲ. ಜೋಳದ ಹೊಲಗಳ ನಡುವೆ ಒಂಟಿ ಮನೆ, ಕರೆ ಮಾಡಿದರೆ ಪೊಲೀಸರು ಬರಲು ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಅಜ್ಜನ ಕಾಲದ ಬೇಟೆ ಬಂದೂಕು ಗೋಡೆಯ ಮೇಲಿದೆ. ಕೈಲ್ ಪೊಳ್ದಿನ ದಿನ ಕೋವಿಗೆ ಪೂಜೆ ಮಾಡುವ ಕೊಡವರ ಮನೆ ನೋಡಿದವರಿಗೆ ಈ ಭಾವನೆ ಅರ್ಥವಾಗುತ್ತದೆ. ಇಲಿನಾಯ್ ಒಳಗೂ ಎಲ್ಲರೂ ಒಂದೇ ಅಲ್ಲ. 2023ರ ನಿಷೇಧ ಬಂದಾಗ 102 ಕೌಂಟಿಗಳ, ಅಂದರೆ ಜಿಲ್ಲೆಗಳ, ಪೈಕಿ ಬಹುಪಾಲು ಕಡೆ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳು ಇದನ್ನು ಜಾರಿ ಮಾಡಲ್ಲ ಅಂದರು.

ಇನ್ನೂ ಒಂದು ಸಂಗತಿ. ಅಪಾಯಕಾರಿ ಅನ್ನಿಸಿದವನಿಂದ ಗನ್ ಕಿತ್ತುಕೊಳ್ಳುವ ಕಾನೂನು ಇಂಡಿಯಾನಾದಲ್ಲಿ 2005ರಿಂದಲೇ ಇದೆ, ಇಲಿನಾಯ್‌ಗೆ ಬಂದದ್ದು 2019ರಲ್ಲಿ. ಆದರೆ ಕಾನೂನು ಇದ್ದರೆ ಸಾಕೇ? 2020ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಒಬ್ಬ ಹುಡುಗನ ತಾಯಿಯೇ ಪೊಲೀಸರಿಗೆ ಹೇಳಿದರು, ಅವರು ಅವನ ಬಂದೂಕು ಒಯ್ದರು. ಆದರೆ ಆ ಕಾನೂನಿನ ಪ್ರಕಾರ ಕೋರ್ಟಿಗೆ ಹೋಗಲಿಲ್ಲ. ಹಾಗಾಗಿ ತಡೆ ಏನೂ ಇಲ್ಲದೆ ಅವನು ಅಂಗಡಿಗೆ ಹೋಗಿ ಎರಡು ರೈಫಲ್ ಕೊಂಡ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡೆಕ್ಸ್ ಕೇಂದ್ರದಲ್ಲಿ 8 ಜನರನ್ನು ಕೊಂದ, ಅವರಲ್ಲಿ 4 ಜನ ಸಿಖ್ಖರು. ಮರುವರ್ಷವೇ ಅದೇ ರಾಜ್ಯ ಪರ್ಮಿಟ್ ತೆಗೆದುಹಾಕಿತು, ರಾಜ್ಯ ಪೊಲೀಸ್ ಮುಖ್ಯಸ್ಥರೇ ಬಹಿರಂಗವಾಗಿ ಬೇಡ ಅಂದರೂ. ಇದನ್ನು ಮಾತ್ರ ನನಗೆ ಒಪ್ಪಲಾಗುವುದಿಲ್ಲ.

ಪಕ್ಕದ ರಾಜ್ಯ ಏನಾದರೂ ಮಾಡಿಕೊಳ್ಳಲಿ, ನಮಗೇನು ಅನ್ನುವಂತೆಯೂ ಇಲ್ಲ. ಕ್ಯಾಲುಮೆಟ್ ಸಿಟಿಯಲ್ಲಿ ಸ್ಟೇಟ್ ಲೈನ್ ರಸ್ತೆಯ ಈ ಕಡೆ ಇಲಿನಾಯ್, ಆ ಕಡೆ ಇಂಡಿಯಾನಾದ ಹ್ಯಾಮಂಡ್. ತಪಾಸಣೆ ಇಲ್ಲ, ಗೇಟ್ ಇಲ್ಲ. ಶಿಕಾಗೊ ನಗರ 2017ರಲ್ಲಿ ಕೊಟ್ಟ ವರದಿ ಪ್ರಕಾರ, ಪೊಲೀಸರು ವಶಪಡಿಸಿಕೊಂಡ ಗನ್‌ಗಳ ಪೈಕಿ ಸುಮಾರು 60 ಶೇಕಡಾ ಹೊರ ರಾಜ್ಯದಿಂದ ಬಂದವು. ಇಂಡಿಯಾನಾ ಒಂದರಿಂದಲೇ ಐದರಲ್ಲಿ ಒಂದು. ದಾಖಲೆ ಶುದ್ಧ ಇರುವ ಗೆಳೆಯನೋ ಗೆಳತಿಯೋ ಅಲ್ಲಿ ಕೊಳ್ಳುತ್ತಾರೆ, ಇಲ್ಲಿ ಕೈ ಬದಲಾಗುತ್ತದೆ. ಆಮೇಲೆ 'ಶಿಕಾಗೊದಲ್ಲಿ ಅಷ್ಟು ಬಿಗಿ ಕಾನೂನು ಇದ್ದೂ ಕೊಲೆ ನಿಂತಿಲ್ಲ ನೋಡಿ' ಅಂತ ಟಿವಿಯಲ್ಲಿ ವಾದ. ಅದಕ್ಕೇ ನಾನು ಹೇಳುವುದು, ಕೊನೇ ಪಕ್ಷ ಪ್ರತಿಯೊಂದು ಮಾರಾಟಕ್ಕೂ ಹಿನ್ನೆಲೆ ಪರೀಕ್ಷೆ ಅನ್ನುವುದು ಇಡೀ ದೇಶಕ್ಕೆ ಒಂದೇ ಇರಬೇಕು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಸತ್ತ ಮೇಲೆ, ಗನ್ ಮೇಳ ಮತ್ತು ಆನ್‌ಲೈನ್ ಮಾರಾಟಕ್ಕಾದರೂ ಪರೀಕ್ಷೆ ಬರಲಿ ಅಂತ ಸೆನೆಟ್‌ನಲ್ಲಿ ಒಂದು ಪ್ರಯತ್ನವಾಯಿತು. 60 ಮತ ಬೇಕಿತ್ತು, ಬಿದ್ದದ್ದು 54.

ಕೋರ್ಟಾದರೂ ಒಂದೇ ದಾರಿ ಹಾಕುತ್ತದೆ ಅನ್ನುವ ಭರವಸೆ ನನಗಿಲ್ಲ. ಕೌಟುಂಬಿಕ ಹಿಂಸೆಯ ಕಾರಣಕ್ಕೆ ಕೋರ್ಟ್ ತಡೆಯಾಜ್ಞೆ ಇರುವವನ ಕೈಯಲ್ಲಿ ಗನ್ ಇರಬಾರದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಒಪ್ಪಿತು, ಅದು ಒಳ್ಳೆಯದಾಯಿತು. ಜನ ನೇರವಾಗಿ ಮತ ಹಾಕಿದರೆ ಬೇರೆಯದೇ ಆಗಬಹುದು. ಬೇಟೆಗೆ ಹೆಸರಾದ ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ 2023ರಲ್ಲಿ 18 ಜನ ಸತ್ತರು. ಅಪಾಯಕಾರಿಗಳಿಂದ ಗನ್ ಕಿತ್ತುಕೊಳ್ಳುವ ಕಾನೂನನ್ನು ಅಲ್ಲಿನ ಮತದಾರರೇ 2025ರ ನವೆಂಬರ್‌ನಲ್ಲಿ ತಂದರು.

ಇನ್ನು ನಿಮ್ಮ ತಮ್ಮನ ವಿಷಯ. ಅವರು ಎಚ್-1ಬಿ ವೀಸಾದಲ್ಲಿದ್ದರೆ ಇಂಡಿಯಾನಾದ ಸಡಿಲ ಕಾನೂನು ಅವರಿಗೆ ಅನ್ವಯಿಸುತ್ತದೆ ಅಂದುಕೊಳ್ಳಬಾರದು. ಇಂಥ ತಾತ್ಕಾಲಿಕ ವೀಸಾದವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ. ಆದರೆ ಸ್ನೇಹಿತರ ಜೊತೆ ಸುಮ್ನೆ ಗುಂಡು ಹೊಡೆಯುವ ಅಭ್ಯಾಸದ ರೇಂಜಿಗೆ ಹೋಗುವ ಮೊದಲೂ ವಕೀಲರನ್ನು ಕೇಳುವುದು ಒಳ್ಳೆಯದು. ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಬಹುದು. ಕೊಂಡರೂ, ಇಲಿನಾಯ್‌ಗೆ ಬಂದಾಗ ಅದನ್ನು ಸೊಂಟದಲ್ಲಿಟ್ಟುಕೊಂಡು ಕಾರಿನಿಂದ ಇಳಿದರೆ ಜೈಲಿಗೆ ಹೋಗಬೇಕಾಗಬಹುದು. ಆ ಕಡೆ ಸರಿಯಾದದ್ದು ಈ ಕಡೆ ಅಪರಾಧ.

ಮಾಲ್‌ನಲ್ಲಿ ಗುಂಡು ಬೀಳುತ್ತದೆ ಅನ್ನುವ ಭಯಕ್ಕಿಂತ ಮನೆಯೊಳಗಿನ ಗನ್ ಬಗ್ಗೆ ಜಾಸ್ತಿ ಯೋಚಿಸಲು ಹೇಳಿ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಈ ಸುದ್ದಿ ಟಿವಿಯಲ್ಲಿ ಬರುವುದಿಲ್ಲ. ಮಕ್ಕಳನ್ನು ಯಾರದಾದರೂ ಮನೆಗೆ ಆಡಲು ಕಳಿಸುವ ಮೊದಲು 'ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿ ಇಟ್ಟಿದ್ದೀರಾ' ಅಂತ ಕೇಳಲಿ. ನಮ್ಮವರು ಸಂಕೋಚಪಡುತ್ತಾರೆ, ನನಗೆ ಗೊತ್ತು. ನಾನು ಕೇಳುತ್ತೇನೆ, ಇಲ್ಲಿಯವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಇಲಿನಾಯ್‌ನಲ್ಲೂ ಕೇಳುತ್ತೇನೆ, ಇಂಡಿಯಾನಾದ ಸ್ನೇಹಿತರನ್ನೂ ಕೇಳುತ್ತೇನೆ.